10 ಲಕ್ಷ ಬುಕಿಂಗ್, ವಾರಕ್ಕೆ 1,000 ಟ್ರಕ್: ಹೊಸ ಎಲೆಕ್ಟ್ರಿಕ್ ಪಿಕಪ್ ಯಾವಾಗ ಕೈಗೆ ಸಿಗುತ್ತೆ ಅಂತ ಲೆಕ್ಕ ಹಾಕೋದು ಹೇಗೆ?

ವಿಡಿಯೋದಲ್ಲಿ ಸಂಖ್ಯೆಗಳು ಬೇಗ ಬೇಗ ಹೋಗಿಬಿಡುತ್ತವೆ. ಹಾಗಾಗಿ ಇವತ್ತಿನ ಲೆಕ್ಕಗಳನ್ನ ಇಲ್ಲಿ ನಿಧಾನಕ್ಕೆ, ಬರಹದಲ್ಲಿ ಇಟ್ಟಿದ್ದೀನಿ. ಪಕ್ಕದಲ್ಲಿ ಒಂದು ಕ್ಯಾಲ್ಕುಲೇಟರ್ ಇಟ್ಕೊಳ್ಳಿ, ಸಾಕು.

ಒಂದು ಒಗಟಿನಿಂದ ಶುರು ಮಾಡೋಣ. 2023ರ ನವೆಂಬರ್ 30ರಂದು ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ಕಾರ್ಖಾನೆಯಲ್ಲಿ ಟೆಸ್ಲಾ ತನ್ನ ಸೈಬರ್‌ಟ್ರಕ್‌ನ ಮೊದಲ ಡೆಲಿವರಿ ಕೊಟ್ಟಿತು. ಆ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಜನ ಬುಕ್ ಮಾಡಿದ್ದಾರೆ ಅಂತ ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಹೇಳಿದ್ದರು. 2025ರ ಹೊತ್ತಿಗೆ ವರ್ಷಕ್ಕೆ 2.5 ಲಕ್ಷ ಟ್ರಕ್ ಮಾಡುವ ವೇಗ ತಲುಪಬಹುದು ಅಂತಲೂ ಹೇಳಿದ್ದರು. ಇವೆರಡನ್ನ ಇಟ್ಕೊಂಡು ಯಾರಾದರೂ ಮಾಡುವ ಲೆಕ್ಕ ಏನು? 10 ಲಕ್ಷ ಭಾಗಿಸು 2.5 ಲಕ್ಷ, ನಾಲ್ಕು ವರ್ಷ. ಸರದಿಯ ಕೊನೆಯಲ್ಲಿ ಇರುವವನಿಗೆ 2028 ಅಥವಾ 2029ಕ್ಕೆ ಟ್ರಕ್ ಸಿಗುತ್ತೆ.

ಆದದ್ದೇನು? ಉತ್ಪಾದನೆ ಹೇಳಿದ ವೇಗದ ಹತ್ತಿರಕ್ಕೂ ಬರಲಿಲ್ಲ. ಹಾಗಾದ್ರೆ ಸರದಿ ಇನ್ನೂ ಉದ್ದ ಆಗಬೇಕಿತ್ತು, ಅಲ್ವಾ? ಆದರೆ ಒಂಬತ್ತೇ ತಿಂಗಳಲ್ಲಿ, ಅಂದ್ರೆ 2024ರ ಆಗಸ್ಟ್‌ನಲ್ಲಿ, ಬುಕಿಂಗ್ ಮಾಡದೇ ಇದ್ದವರೂ ನೇರವಾಗಿ ಆರ್ಡರ್ ಮಾಡಬಹುದಾಗಿತ್ತು. ಸರದಿಯೇ ಇರಲಿಲ್ಲ.

ಟ್ರಕ್ ಕಡಿಮೆ ತಯಾರಾಯಿತು, ಆದರೂ ಸರದಿ ಬೇಗ ಮುಗಿಯಿತು. ಈ ಎರಡು ಮಾತು ಹೇಗೆ ಒಟ್ಟಿಗೆ ನಿಜ ಆಗುತ್ತವೆ ಅನ್ನೋದು ಅರ್ಥವಾದರೆ, ಯಾವುದೇ ಹೊಸ ವಾಹನದ ಉತ್ಪಾದನೆ ಮತ್ತು ಡೆಲಿವರಿಯನ್ನ ನೀವೇ ಅಂದಾಜು ಮಾಡಬಹುದು.

ನಮಗೇನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಫೋರ್ಡ್‌ಗೆ ಚೆನ್ನೈನಲ್ಲಿ ದೊಡ್ಡ ಕೇಂದ್ರ ಇದೆ, ರಿವಿಯನ್‌ಗೆ ಬೆಂಗಳೂರಿನಲ್ಲಿ ಆಫೀಸ್ ಇದೆ. ಪುಣೆಯಲ್ಲಿ ವಾಹನಗಳ ಸಾಫ್ಟ್‌ವೇರ್ ಬರೆಯುವ ಕಂಪನಿಗಳಲ್ಲಿ ನಮ್ಮವರು ಬಹಳ ಜನ ಇದ್ದಾರೆ. ನೀವು ಕೆಲಸ ಮಾಡುವ ಪ್ರಾಜೆಕ್ಟ್ ಒಂದು ಮಾಡೆಲ್‌ಗೆ ಕಟ್ಟಿಕೊಂಡಿದ್ದರೆ, ಆ ಮಾಡೆಲ್ ವಾರಕ್ಕೆ ಎಷ್ಟು ತಯಾರಾಗುತ್ತೆ ಅನ್ನೋದೇ ಮುಂದಿನ ವರ್ಷ ಟೀಮ್ ದೊಡ್ಡದಾಗುತ್ತೋ, ಅರ್ಧ ಜನ ಬೆಂಚಿಗೆ ಹೋಗ್ತಾರೋ ಅನ್ನೋದನ್ನ ತೀರ್ಮಾನಿಸುತ್ತೆ. ಸಂಬಳದ ಒಂದು ಭಾಗ ಷೇರಾಗಿ ಬರುವವರಿಗಂತೂ ಇದು ನೇರವಾಗಿ ಜೇಬಿನ ವಿಷಯ.

ಮೂರು ಸಂಖ್ಯೆಗಳನ್ನ ಕಲಸಬೇಡಿ

ಸುದ್ದಿಯಲ್ಲಿ ಮೂರು ಸಂಖ್ಯೆಗಳು ಒಟ್ಟಿಗೆ ಬರುತ್ತವೆ. ಬುಕಿಂಗ್, ಸಾಮರ್ಥ್ಯ, ಉತ್ಪಾದನೆ.

ಬುಕಿಂಗ್ ಅಂದ್ರೆ ಆಸೆ. 2019ರ ನವೆಂಬರ್‌ನಲ್ಲಿ ಸೈಬರ್‌ಟ್ರಕ್ ತೋರಿಸಿದಾಗ 100 ಡಾಲರ್ ಕಟ್ಟಿದರೆ ಹೆಸರು ಸರದಿಗೆ ಸೇರುತ್ತಿತ್ತು. ಬೇಡ ಅಂದ್ರೆ ಆ ದುಡ್ಡು ವಾಪಸ್. ಆಗ ಹೇಳಿದ ಆರಂಭಿಕ ಬೆಲೆ 39,900 ಡಾಲರ್. ಉತ್ಪಾದನೆ 2021ರ ಕೊನೆಗೆ ಅಂತ ಹೇಳಿದ್ದರು.

ಸಾಮರ್ಥ್ಯ ಅಂದ್ರೆ ಯಂತ್ರಗಳು, ಜಾಗ, ಲೈನು ಎಲ್ಲ ಸರಿಯಾಗಿ ನಡೆದರೆ ವರ್ಷಕ್ಕೆ ಎಷ್ಟು ಮಾಡಬಹುದು ಅನ್ನೋದು. ಟೆಸ್ಲಾ ತನ್ನ ತ್ರೈಮಾಸಿಕ ವರದಿಯಲ್ಲಿ ಸೈಬರ್‌ಟ್ರಕ್‌ಗೆ ವರ್ಷಕ್ಕೆ 1.25 ಲಕ್ಷಕ್ಕೂ ಹೆಚ್ಚು ಅಂತ ಬರೆದಿತ್ತು. ವಾರಕ್ಕೆ ಸುಮಾರು 2,400.

ಉತ್ಪಾದನೆ ಅಂದ್ರೆ ಗೇಟಿನಿಂದ ನಿಜವಾಗಿ ಹೊರಬಂದ ಟ್ರಕ್.

ಐಟಿ ಭಾಷೆಯಲ್ಲಿ ಹೇಳೋದಾದ್ರೆ, ಬುಕಿಂಗ್ ಅನ್ನೋದು ಬ್ಯಾಕ್‌ಲಾಗ್, ಸಾಮರ್ಥ್ಯ ಅನ್ನೋದು ಮ್ಯಾನೇಜರ್ ಸ್ಲೈಡಿನಲ್ಲಿ ಹಾಕಿದ ಪ್ಲಾನ್, ಉತ್ಪಾದನೆ ಅನ್ನೋದು ಸ್ಪ್ರಿಂಟ್ ಮುಗಿದ ಮೇಲೆ ಕಾಣುವ ವೆಲಾಸಿಟಿ. ಬ್ಯಾಕ್‌ಲಾಗನ್ನ ಪ್ಲಾನಿನಿಂದ ಭಾಗಿಸಿ ರಿಲೀಸ್ ಡೇಟ್ ಹೇಳಿದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಾಲ್ಕು ವರ್ಷದ ಲೆಕ್ಕ ಮಾಡಿದ್ದೂ ಅದನ್ನೇ.

ಶುರುವಿನಲ್ಲಿ ಯಾಕೆ ಇಷ್ಟು ನಿಧಾನ?

ಮದುವೆ ಮನೆ ಪಂಕ್ತಿ ನೆನಪಿಸಿಕೊಳ್ಳಿ. ಎಲೆ ಹಾಕಿದೆ, ಅನ್ನ ರೆಡಿ, ಪಲ್ಯ ರೆಡಿ, ಪಾಯಸ ರೆಡಿ. ಸಾರು ಇನ್ನೂ ಕುದಿಯುತ್ತಿದೆ. ಪಂಕ್ತಿ ಶುರುವಾಗಲ್ಲ. ಇಪ್ಪತ್ತು ಅಡುಗೆಯಲ್ಲಿ ಹತ್ತೊಂಬತ್ತು ಮುಗಿದಿದ್ದರೂ, ಊಟದ ಹೊತ್ತು ನಿರ್ಧಾರ ಆಗೋದು ಆ ಒಂದು ಸಾರಿನಿಂದ.

ಒಂದು ವಾಹನದಲ್ಲಿ ಸಾವಿರಾರು ಬಿಡಿಭಾಗಗಳು. ಎಲ್ಲಕ್ಕಿಂತ ನಿಧಾನವಾಗಿ ಬರುವ ಭಾಗದ ವೇಗವೇ ಇಡೀ ಲೈನಿನ ವೇಗ. ಅದರ ಮೇಲೆ ಗುಣಮಟ್ಟದ ಲೆಕ್ಕ ಬೇರೆ. ಲೈನಿನಲ್ಲಿ 100 ಹಂತ ಇವೆ, ಪ್ರತಿ ಹಂತದಲ್ಲೂ 100ರಲ್ಲಿ 99 ಸಲ ಕೆಲಸ ಸರಿಯಾಗುತ್ತೆ ಅಂದ್ಕೊಳ್ಳಿ. ಕೇಳೋಕೆ ಚೆನ್ನಾಗಿದೆ. ಆದರೆ 0.99ನ್ನ 100 ಸಲ ಗುಣಿಸಿದರೆ 0.37 ಬರುತ್ತೆ. ಅಂದ್ರೆ 100 ಟ್ರಕ್ಕಿನಲ್ಲಿ 37 ಮಾತ್ರ ಎಲ್ಲೂ ನಿಲ್ಲದೆ ಕೊನೆ ಮುಟ್ಟುತ್ತವೆ, ಉಳಿದ 63 ಎಲ್ಲೋ ಒಂದು ಕಡೆ ರಿಪೇರಿಗೆ ಪಕ್ಕಕ್ಕೆ ಹೋಗುತ್ತವೆ. ಅದೇ ಪ್ರತಿ ಹಂತವೂ 99.9 ಆದರೆ ಉತ್ತರ 90ಕ್ಕೆ ಏರುತ್ತೆ. ನೂರು ಸರ್ವಿಸ್‌ಗಳನ್ನ ಸರಪಳಿ ಹಾಗೆ ಕಟ್ಟಿದ ಸಿಸ್ಟಮ್ ನಡೆಸಿದವರಿಗೆ ಇದು ಹಳೇ ಕಥೆ.

ಹಾಗಾಗಿ ಹೊಸ ವಾಹನದ ಉತ್ಪಾದನೆ ನೇರ ಗೆರೆಯಲ್ಲಿ ಏರಲ್ಲ. ಮೊದಲು ತಿಂಗಳುಗಟ್ಟಲೆ ನೆಲಕ್ಕೆ ಅಂಟಿಕೊಂಡಿರುತ್ತೆ. ಅಡಚಣೆಗಳು ಒಂದೊಂದಾಗಿ ಬಿಟ್ಟಂತೆ ಸರ್ರನೆ ಏರುತ್ತೆ. ಆಮೇಲೆ ಮಟ್ಟಸ ಆಗುತ್ತೆ. ಇದನ್ನ ಎಸ್ ಆಕಾರದ ರೇಖೆ ಅಂತಾರೆ.

ಚೆನ್ನಾಗಿ ದಾಖಲಾದ ಉದಾಹರಣೆ ಟೆಸ್ಲಾದ ಮಾಡೆಲ್ 3 ಕಾರು. 2017ರ ಜುಲೈನಲ್ಲಿ ಮಸ್ಕ್, ಡಿಸೆಂಬರ್‌ಗೆ ತಿಂಗಳಿಗೆ 20,000 ಕಾರು ಮಾಡ್ತೀವಿ ಅಂದಿದ್ದರು. ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಒಟ್ಟು ತಯಾರಾದದ್ದು 2,425. ಆದರೆ ಮುಂದಿನ ಸಾಲು ನೋಡಿ. 2018ರ ಮೊದಲ ತ್ರೈಮಾಸಿಕದಲ್ಲಿ 9,766, ಎರಡನೆಯದರಲ್ಲಿ 28,578, ಮೂರನೆಯದರಲ್ಲಿ 53,239, ನಾಲ್ಕನೆಯದರಲ್ಲಿ 61,394. ವಾರಕ್ಕೆ 5,000 ಅನ್ನುವ ಗುರಿ ಆರು ತಿಂಗಳು ತಡವಾಗಿ, 2018ರ ಜೂನ್ ಕೊನೆಗೆ ಮುಟ್ಟಿತು.

ಇಲ್ಲಿಂದ ಎರಡು ಪಾಠ. ಮೊದಲ ಮೂರು ತಿಂಗಳ ಸಂಖ್ಯೆ ನೋಡಿ ಇದು ಮುಗೀತು ಅನ್ನೋದೂ ತಪ್ಪು, ಕಂಪನಿ ಹೇಳಿದ ತಾರೀಖನ್ನ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳೋದೂ ತಪ್ಪು.

ಸೆಲ್ ಎಣಿಸಿದರೆ ಟ್ರಕ್ ಗೊತ್ತಾಗುತ್ತೆ

ಈಗ ಸೈಬರ್‌ಟ್ರಕ್‌ಗೆ ಬರೋಣ. ಇದರಲ್ಲಿ ಹೊಸದು ಬಹಳ ಇತ್ತು. ಬಣ್ಣವಿಲ್ಲದ ಸ್ಟೇನ್‌ಲೆಸ್ ಸ್ಟೀಲ್ ಮೈ, 12 ವೋಲ್ಟ್ ಬದಲು 48 ವೋಲ್ಟ್ ವೈರಿಂಗ್, ಚಕ್ರಕ್ಕೂ ಸ್ಟೀರಿಂಗಿಗೂ ನಡುವೆ ಕಬ್ಬಿಣದ ಕೊಂಡಿ ಇಲ್ಲದ ವ್ಯವಸ್ಥೆ, ಟೆಸ್ಲಾ ತಾನೇ ತಯಾರಿಸುವ 4680 ಬ್ಯಾಟರಿ ಸೆಲ್. ಒಂದೇ ರಿಲೀಸಿನಲ್ಲಿ ಡೇಟಾಬೇಸ್, ಫ್ರೇಮ್‌ವರ್ಕ್, ಕ್ಲೌಡ್ ಮೂರನ್ನೂ ಬದಲಾಯಿಸಿದ ಹಾಗೆ. ಈ ಟ್ರಕ್ಕಿನಿಂದ ನಮ್ಮ ಗುಂಡಿ ನಾವೇ ತೋಡಿಕೊಂಡೆವು ಅನ್ನುವ ಅರ್ಥದ ಮಾತನ್ನ ಮಸ್ಕ್ ಅವರೇ 2023ರ ಅಕ್ಟೋಬರ್‌ನಲ್ಲಿ ಹೂಡಿಕೆದಾರರ ಮುಂದೆ ಆಡಿದ್ದರು.

ಇಷ್ಟರಲ್ಲಿ ಸಾರು ಯಾವುದು, ಅಂದ್ರೆ ತಡ ಮಾಡುವ ಭಾಗ ಯಾವುದು? ಮೊದಲ ಅನುಮಾನ ಸೆಲ್ ಮೇಲೆ. ಒಂದು ಸೈಬರ್‌ಟ್ರಕ್‌ಗೆ 1,344 ಸೆಲ್ ಬೇಕು. ಒಟ್ಟು ಎಷ್ಟು ಸೆಲ್ ತಯಾರಾಯಿತು ಅನ್ನೋದನ್ನ ಟೆಸ್ಲಾ ಆಗಾಗ ಸಂಭ್ರಮದಿಂದ ಹೇಳುತ್ತಿತ್ತು. 2023ರ ಜೂನ್ ಮಧ್ಯದಲ್ಲಿ 1 ಕೋಟಿ, ಅಕ್ಟೋಬರ್ ಎರಡನೇ ವಾರದಲ್ಲಿ 2 ಕೋಟಿ. ನಡುವೆ ಸುಮಾರು 17 ವಾರ. 1 ಕೋಟಿಯನ್ನ 17ರಿಂದ ಭಾಗಿಸಿದರೆ ವಾರಕ್ಕೆ ಸುಮಾರು 6 ಲಕ್ಷ ಸೆಲ್. ಅದನ್ನ 1,344ರಿಂದ ಭಾಗಿಸಿದರೆ ವಾರಕ್ಕೆ ಸುಮಾರು 450 ಟ್ರಕ್.

ನೋಡಿ, ಮೊದಲ ಟ್ರಕ್ ಕೈಗೆ ಕೊಡುವ ಮುಂಚೆಯೇ ನಮಗೆ ಒಂದು ಮೇಲ್ಮಿತಿ ಸಿಕ್ಕಿತು. ವರ್ಷಕ್ಕೆ 2.5 ಲಕ್ಷ ಅಂದ್ರೆ ವಾರಕ್ಕೆ 4,800. ಸೆಲ್ ಇದ್ದದ್ದು 450ಕ್ಕೆ. ಸೆಲ್ ಉತ್ಪಾದನೆ ಹತ್ತು ಪಟ್ಟು ಏರುವವರೆಗೆ ಆ ಮಾತು ಕಾಗದದ ಮೇಲೆಯೇ ಇರುತ್ತೆ. ಇದಕ್ಕೆ ಒಳಗಿನ ಮಾಹಿತಿ ಬೇಕಿರಲಿಲ್ಲ, ಎರಡು ಭಾಗಾಕಾರ ಸಾಕಿತ್ತು.

ರೀಕಾಲ್ ದಾಖಲೆ ಓದುವ ಕಲೆ

ಟೆಸ್ಲಾ ಸೈಬರ್‌ಟ್ರಕ್ ಸಂಖ್ಯೆಯನ್ನ ಪ್ರತ್ಯೇಕವಾಗಿ ಹೇಳಲ್ಲ. ತ್ರೈಮಾಸಿಕ ವರದಿಯಲ್ಲಿ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಜೊತೆ ಸೇರಿಸಿ ಇತರೆ ಮಾಡೆಲ್‌ಗಳು ಅಂತ ಒಂದೇ ಸಾಲು ಹಾಕುತ್ತಿತ್ತು. ಹಾಗಾದ್ರೆ ವಾರಕ್ಕೆ ಎಷ್ಟು ತಯಾರಾಗ್ತಿದೆ ಅಂತ ಹೊರಗಿನವರಿಗೆ ಗೊತ್ತಾಗೋದು ಹೇಗೆ?

ಇಲ್ಲಿ ಸಹಾಯಕ್ಕೆ ಬರೋದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ, ಎನ್‌ಎಚ್‌ಟಿಎಸ್‌ಎ. ವಾಹನದಲ್ಲಿ ಸುರಕ್ಷತಾ ದೋಷ ಸಿಕ್ಕರೆ ಕಂಪನಿ ಅಲ್ಲಿಗೆ ದಾಖಲೆ ಕೊಡಬೇಕು. ಯಾವ ದಿನದಿಂದ ಯಾವ ದಿನದವರೆಗೆ ತಯಾರಾದ ಎಷ್ಟು ವಾಹನಗಳು ಅನ್ನೋದನ್ನ ಅದರಲ್ಲಿ ಬರೆಯಲೇಬೇಕು. ದೋಷ ಆರಂಭದಿಂದ ಎಲ್ಲ ಟ್ರಕ್‌ಗಳಲ್ಲೂ ಇದ್ದರೆ, ಆ ಸಂಖ್ಯೆಯೇ ಆ ದಿನದವರೆಗಿನ ಹೆಚ್ಚುಕಡಿಮೆ ಒಟ್ಟು ಉತ್ಪಾದನೆ.

ಸೈಬರ್‌ಟ್ರಕ್‌ಗೆ ಅಂಥ ಐದು ದಾಖಲೆಗಳನ್ನ ಸಾಲಾಗಿ ಇಡೋಣ. ಎಲ್ಲದರ ಲೆಕ್ಕವೂ 2023ರ ನವೆಂಬರ್ 13ರಿಂದ ಶುರು.

- 2024ರ ಏಪ್ರಿಲ್ 4ರವರೆಗೆ, ಆಕ್ಸಿಲರೇಟರ್ ಪೆಡಲ್ ದೋಷ: 3,878 ಟ್ರಕ್
- 2024ರ ಜೂನ್ 6ರವರೆಗೆ, ವೈಪರ್ ದೋಷ: 11,688
- 2024ರ ಸೆಪ್ಟೆಂಬರ್ 14ರವರೆಗೆ, ಹಿಂಬದಿ ಕ್ಯಾಮೆರಾ ದೋಷ: 27,185
- 2025ರ ಫೆಬ್ರವರಿ 27ರವರೆಗೆ, ಮೈಮೇಲಿನ ಸ್ಟೀಲ್ ಪಟ್ಟಿ ಕಳಚುವ ದೋಷ: 46,096
- 2025ರ ಅಕ್ಟೋಬರ್ 11ರವರೆಗೆ, ಮುಂದಿನ ದೀಪ ಅತಿ ಪ್ರಖರವಾಗಿರುವ ದೋಷ: 63,619

ಈಗ ಒಂದರಿಂದ ಇನ್ನೊಂದನ್ನ ಕಳೆಯಿರಿ, ನಡುವಿನ ವಾರಗಳಿಂದ ಭಾಗಿಸಿ.

ಮೊದಲ 20 ವಾರದಲ್ಲಿ 3,878. ಸರಾಸರಿ ವಾರಕ್ಕೆ 190. ಮುಂದಿನ 9 ವಾರದಲ್ಲಿ 7,810, ವಾರಕ್ಕೆ ಸುಮಾರು 870. ಆಮೇಲಿನ 14 ವಾರದಲ್ಲಿ 15,497, ವಾರಕ್ಕೆ ಸುಮಾರು 1,080. ಇಲ್ಲಿಯವರೆಗೂ ಎಸ್ ರೇಖೆ ಪುಸ್ತಕದಲ್ಲಿ ಇರುವ ಹಾಗೇ ಏರಿದೆ. 2024ರ ಜೂನ್‌ನಲ್ಲಿ ಷೇರುದಾರರ ಸಭೆಯಲ್ಲಿ ಮಸ್ಕ್ ವಾರಕ್ಕೆ 1,300ರ ದಾಖಲೆ ಮುಟ್ಟಿದ್ದೇವೆ ಅಂದಿದ್ದರು. ದಾಖಲೆ ವಾರ 1,300, ಸರಾಸರಿ ವಾರ 1,080. ಎರಡೂ ಹೊಂದುತ್ತವೆ.

ಮುಂದೆ ನೋಡಿ. ಫೆಬ್ರವರಿ 2025ರವರೆಗಿನ ಸುಮಾರು 24 ವಾರದಲ್ಲಿ 18,911, ವಾರಕ್ಕೆ ಸುಮಾರು 800. ಅಕ್ಟೋಬರ್ 2025ರವರೆಗಿನ 32 ವಾರದಲ್ಲಿ 17,523, ವಾರಕ್ಕೆ ಸುಮಾರು 540.

ರೇಖೆ ಮಟ್ಟಸ ಆಗಲಿಲ್ಲ, ಇಳಿಯಿತು.

ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಇವು ಅಮೆರಿಕದ ವಾಹನಗಳ ಸಂಖ್ಯೆ. ಕೆನಡಾದಂಥ ಬೇರೆ ದೇಶಕ್ಕೆ ಹೋದ ಟ್ರಕ್‌ಗಳು ಇದರಲ್ಲಿ ಇಲ್ಲ. ಹಾಗಾಗಿ ಕೊನೆಯ ಎರಡು ದರಗಳು ನಿಜದಲ್ಲಿ ಸ್ವಲ್ಪ ಜಾಸ್ತಿ ಇರುತ್ತವೆ. ಆದರೆ ಇಳಿದ ದಿಕ್ಕು ಬದಲಾಗುವಷ್ಟಲ್ಲ. ಮಾರುಕಟ್ಟೆ ವಿಶ್ಲೇಷಣೆ ಮಾಡುವ ಕಾಕ್ಸ್ ಆಟೋಮೋಟಿವ್ ಅಂದಾಜೂ ಇದನ್ನೇ ಹೇಳುತ್ತೆ. 2024ರಲ್ಲಿ ಸುಮಾರು 39,000 ಮಾರಾಟ, 2025ರಲ್ಲಿ ಸುಮಾರು 20,000.

ಆ ಪೆಡಲ್ ದೋಷದ ಕಥೆಯನ್ನೂ ಕೇಳಿ. ಪೆಡಲ್ ಮೇಲಿನ ಪ್ಯಾಡ್ ಸುಲಭವಾಗಿ ಕೂರಲಿ ಅಂತ ಜೋಡಿಸುವಾಗ ಸೋಪು ಬಳಸಿದ್ದರು. ಅನುಮತಿ ಇಲ್ಲದ ಬದಲಾವಣೆ ಅದು. ಉಳಿದ ಸೋಪಿನಿಂದ ಪ್ಯಾಡ್ ಜಾರಿ, ಪೆಡಲ್ ಒತ್ತಿದ ಸ್ಥಿತಿಯಲ್ಲೇ ಸಿಕ್ಕಿಬೀಳುವ ಅಪಾಯ ಇತ್ತು. ಡೆಲಿವರಿ ಕೆಲವು ದಿನ ನಿಂತಿತು, ಕೊನೆಗೆ ಒಂದು ರಿವೆಟ್ ಹೊಡೆದು ಸರಿಮಾಡಿದರು. ಸ್ಟೇನ್‌ಲೆಸ್ ಸ್ಟೀಲ್, 48 ವೋಲ್ಟ್ ಎಲ್ಲ ದಾಟಿ ಬಂದ ಟ್ರಕ್ಕನ್ನ ನಿಲ್ಲಿಸಿದ್ದು ಸೋಪು. ರಿವ್ಯೂ ಇಲ್ಲದೆ ಪ್ರೊಡಕ್ಷನ್‌ಗೆ ಹೋದ ಒಂದು ಸಾಲಿನ ಕೋಡ್ ಹಾಗೆ.

ಅಡಚಣೆ ಜಾಗ ಬದಲಾಯಿಸುತ್ತೆ

ಏರುತ್ತಿದ್ದದ್ದು ಯಾಕೆ ಇಳಿಯಿತು? ಸೆಲ್ ಸಾಲಲಿಲ್ಲವೇ? ಮತ್ತೆ ಎಣಿಸೋಣ. 2024ರ ಜೂನ್ ಆರಂಭಕ್ಕೆ 5 ಕೋಟಿ ಸೆಲ್, ಸೆಪ್ಟೆಂಬರ್ ಮಧ್ಯಕ್ಕೆ 10 ಕೋಟಿ. 14 ವಾರದಲ್ಲಿ 5 ಕೋಟಿ ಅಂದ್ರೆ ವಾರಕ್ಕೆ ಸುಮಾರು 35 ಲಕ್ಷ. ಅದು ವಾರಕ್ಕೆ 2,600 ಟ್ರಕ್‌ಗೆ ಸಾಕು. ಅದೇ ಅವಧಿಯಲ್ಲಿ ತಯಾರಾದದ್ದು ವಾರಕ್ಕೆ 1,080. ಸೆಲ್ ಮಿಕ್ಕಿತ್ತು. ಸಾರು ಕುದ್ದು ಮುಗಿದಿತ್ತು.

ಕಡಿಮೆ ಇದ್ದದ್ದು ಊಟಕ್ಕೆ ಕೂರುವವರು.

2019ರಲ್ಲಿ 39,900 ಡಾಲರ್ ಅಂತ ಕೇಳಿ ಬುಕ್ ಮಾಡಿದವರಿಗೆ 2023ರ ಕೊನೆಗೆ ಕಂಡ ಬೆಲೆ, ಎರಡು ಮೋಟರ್‌ನದ್ದಕ್ಕೆ 79,990 ಡಾಲರ್, ಮೂರು ಮೋಟರ್‌ನದ್ದಕ್ಕೆ 99,990. ಅದಕ್ಕೂ ಮೊದಲು ಬಂದ ವಿಶೇಷ ಆವೃತ್ತಿಗೆ ಇನ್ನೂ 20,000 ಜಾಸ್ತಿ. 100 ಡಾಲರ್ ವಾಪಸ್ ತಗೊಂಡು ಹೋದವರನ್ನ ಬೈಯೋಕಾಗಲ್ಲ. ಆಗಸ್ಟ್ 2024ರಲ್ಲಿ ಸರದಿ ಇಲ್ಲದೆ ಆರ್ಡರ್ ತೆರೆದರು ಅಂದೆನಲ್ಲ, ಸೆಪ್ಟೆಂಬರ್ ಮಧ್ಯದವರೆಗೂ ತಯಾರಾಗಿದ್ದದ್ದು ಸುಮಾರು 27,000. 10 ಲಕ್ಷದಲ್ಲಿ 27,000 ಅಂದ್ರೆ 100ಕ್ಕೆ 3 ಜನಕ್ಕಿಂತ ಕಡಿಮೆ. ಕೂಸು ಹುಟ್ಟುವ ಮುನ್ನ ಹೊಲಿದ ಕುಲಾವಿಯ ಕಥೆ.

ಇಲ್ಲಿಗೆ ಒಗಟು ಬಿಡಿಸಿದ ಹಾಗಾಯ್ತು. ಡೆಲಿವರಿ ಅನ್ನೋದು ಎರಡು ರೇಖೆಗಳಲ್ಲಿ ಚಿಕ್ಕದಾದದ್ದು. ಒಂದು, ಕಾರ್ಖಾನೆ ಎಷ್ಟು ಮಾಡಬಲ್ಲದು. ಇನ್ನೊಂದು, ಇವತ್ತಿನ ಬೆಲೆಗೆ ಎಷ್ಟು ಜನ ನಿಜವಾಗಿ ಕೊಳ್ಳುತ್ತಾರೆ. ಆರಂಭದಲ್ಲಿ ಕಾರ್ಖಾನೆಯ ರೇಖೆ ಕೆಳಗಿರುತ್ತೆ, ಅದು ಏರುತ್ತಾ ಹೋಗುತ್ತೆ. ಕೊಳ್ಳುವವರ ರೇಖೆ ಮೇಲಿನಿಂದ ಶುರುವಾಗಿ, ಆತುರದವರು ಕೊಂಡು ಮುಗಿದಂತೆ ಇಳಿಯುತ್ತೆ. ಎರಡೂ ಒಂದನ್ನೊಂದು ದಾಟುವ ದಿನ ಸರದಿ ಮಾಯ. ಅವತ್ತಿನಿಂದ ಉತ್ಪಾದನೆಯನ್ನ ನಿರ್ಧರಿಸೋದು ಎಂಜಿನಿಯರ್ ಅಲ್ಲ, ಗ್ರಾಹಕ. ಯಾವ ವಾಹನದ ಬಗ್ಗೆ ಅಂದಾಜು ಮಾಡಿದರೂ ಮುಖ್ಯವಾಗಿ ಹುಡುಕಬೇಕಾದದ್ದು ಆ ದಾಟುವ ದಿನವನ್ನ.

ಫೋರ್ಡ್ ಮತ್ತು ರಿವಿಯನ್ ಏನು ಹೇಳುತ್ತವೆ?

ಇದು ಟೆಸ್ಲಾದ ವಿಶೇಷ ಅಂತ ಅನ್ನಿಸಬಹುದು. ಹಾಗಿಲ್ಲ.

ಫೋರ್ಡ್ 2021ರ ಮೇ ತಿಂಗಳಲ್ಲಿ ಎಫ್-150 ಲೈಟ್ನಿಂಗ್ ತೋರಿಸಿತು. ಆರಂಭಿಕ ಬೆಲೆ 39,974 ಡಾಲರ್. ಬುಕಿಂಗ್ 2 ಲಕ್ಷದ ಹತ್ತಿರ ಹೋಯಿತು. ಮೊದಲು ವರ್ಷಕ್ಕೆ 40,000 ಅಂದಿದ್ದ ಯೋಜನೆ 80,000 ಆಯ್ತು, ಆಮೇಲೆ 1.5 ಲಕ್ಷ ಆಯ್ತು. 2022ರ ಏಪ್ರಿಲ್‌ನಲ್ಲಿ ಡಿಯರ್‌ಬೋರ್ನ್ ಕಾರ್ಖಾನೆಯಲ್ಲಿ ಉತ್ಪಾದನೆ ಶುರು. ಅಮೆರಿಕದ ಮಾರಾಟ 2022ರಲ್ಲಿ 15,617, 2023ರಲ್ಲಿ 24,165, 2024ರಲ್ಲಿ 33,510. ನಡುವೆ 2023ರ ಫೆಬ್ರವರಿಯಲ್ಲಿ ನಿಂತಿದ್ದ ಒಂದು ಟ್ರಕ್ಕಿನ ಬ್ಯಾಟರಿಗೆ ಬೆಂಕಿ ಬಿದ್ದು ಐದು ವಾರ ಲೈನ್ ನಿಂತಿತು. ಆರಂಭಿಕ ಬೆಲೆ ಏರುತ್ತಾ 59,974ಕ್ಕೆ ಹೋಗಿ, ಜುಲೈ 2023ರಲ್ಲಿ 49,995ಕ್ಕೆ ಇಳಿಯಿತು. ಬೆಲೆ ಇಳಿಸೋದು ಸರದಿ ಇರುವವರು ಮಾಡುವ ಕೆಲಸವಲ್ಲ, ಅಲ್ವಾ? 2024ರ ಏಪ್ರಿಲ್‌ನಿಂದ ಕಾರ್ಖಾನೆ ಒಂದೇ ಶಿಫ್ಟ್‌ಗೆ ಬಂತು. 2025ರ ಡಿಸೆಂಬರ್‌ನಲ್ಲಿ, ಪೂರ್ತಿ ಬ್ಯಾಟರಿಯ ಲೈಟ್ನಿಂಗ್ ನಿಲ್ಲಿಸುತ್ತೇವೆ ಅಂತ ಫೋರ್ಡ್ ಘೋಷಿಸಿತು.

ರಿವಿಯನ್ ಹೊಸ ಕಂಪನಿ. ಇಲಿನಾಯ್ ರಾಜ್ಯದ ನಾರ್ಮಲ್ ಊರಿನಲ್ಲಿ ಮಿತ್ಸುಬಿಷಿಯ ಹಳೇ ಕಾರ್ಖಾನೆ ಕೊಂಡು, 2021ರ ಸೆಪ್ಟೆಂಬರ್‌ನಲ್ಲಿ ಆರ್1ಟಿ ಪಿಕಪ್ ಶುರು ಮಾಡಿತು. ಆ ವರ್ಷ 1,200 ಗುರಿ, ಆದದ್ದು 1,015. 2022ಕ್ಕೆ ಬಿಡಿಭಾಗಗಳ ಕೊರತೆಯಿಂದ ಗುರಿಯನ್ನ 50,000ದಿಂದ 25,000ಕ್ಕೆ ಇಳಿಸಿ, 24,337 ಮಾಡಿತು. 2023ರಲ್ಲಿ 57,232. 2024ರಲ್ಲಿ ಮತ್ತೆ ಒಂದು ಮೋಟರ್ ಭಾಗದ ಕೊರತೆ, 49,476. ಇವೆಲ್ಲ ಪಿಕಪ್ ಜೊತೆ ಎಸ್‌ಯುವಿ, ವ್ಯಾನ್ ಸೇರಿದ ಸಂಖ್ಯೆಗಳು.

ಅದರ ಷೇರಿನ ಕಥೆಯನ್ನೂ ಹೇಳಲೇಬೇಕು. 2021ರ ನವೆಂಬರ್‌ನಲ್ಲಿ 78 ಡಾಲರ್‌ಗೆ ಬಂದ ಷೇರು ಕೆಲವೇ ದಿನದಲ್ಲಿ 170 ದಾಟಿತ್ತು. 2022ರ ಕೊನೆಗೆ 20ರ ಕೆಳಗೆ. ವಿಚಿತ್ರ ಅಂದ್ರೆ, ಅದೇ ವರ್ಷ ಉತ್ಪಾದನೆ 24 ಪಟ್ಟು ಏರಿತ್ತು. ಆ ವರ್ಷ ಷೇರುಪೇಟೆಯೂ ಕುಸಿದಿತ್ತು ನಿಜ, ಆದರೆ ಪೇಟೆ 170ರಲ್ಲಿ ಬೆಲೆ ಕಟ್ಟಿದ್ದು ಉತ್ಪಾದನೆಗಲ್ಲ, ಘೋಷಣೆಗೆ.

ನಿಮ್ಮದೇ ಅಂದಾಜು: ಐದು ಹೆಜ್ಜೆ

ಈಗ ಇದನ್ನೇ ಒಂದು ವಿಧಾನ ಮಾಡೋಣ.

1. ಇದೇ ಜಾತಿಯ ಹಳೆಯ ವಾಹನಗಳಿಂದ ಶುರು ಮಾಡಿ. ಮೊದಲ ಪೂರ್ಣ ವರ್ಷದಲ್ಲಿ ರಿವಿಯನ್ 24,000, ಲೈಟ್ನಿಂಗ್ 24,000, ಸೈಬರ್‌ಟ್ರಕ್ ಸುಮಾರು 39,000. ಯಾರೇ ಬಂದು 1 ಲಕ್ಷ ಅಂದರೂ ನಿಮ್ಮ ಮೊದಲ ಅಂದಾಜು 20,000ದಿಂದ 40,000.

2. ಹೊಸತನ ಎಷ್ಟಿದೆ ಎಣಿಸಿ. ಹೊಸ ಕಂಪನಿ, ಹೊಸ ಕಾರ್ಖಾನೆ, ಹೊಸ ಬ್ಯಾಟರಿ, ಹೊಸ ಲೋಹ. ಪ್ರತಿಯೊಂದಕ್ಕೂ ತಾರೀಖನ್ನ ಕೆಲವು ತಿಂಗಳು ಮುಂದಕ್ಕೆ ತಳ್ಳಿ.

3. ಅತಿ ನಿಧಾನದ ಭಾಗ ಹುಡುಕಿ. ಸಾಮಾನ್ಯವಾಗಿ ಬ್ಯಾಟರಿ. ಒಂದು ವಾಹನಕ್ಕೆ ಎಷ್ಟು ಬೇಕು, ವಾರಕ್ಕೆ ಎಷ್ಟು ಸಿಗುತ್ತೆ, ಭಾಗಿಸಿ.

4. ಸರದಿಯನ್ನ ಕತ್ತರಿಸಿ. ಎರಡು ಪ್ರಶ್ನೆ ಕೇಳಿ. ಬುಕಿಂಗ್ ದುಡ್ಡು ವಾಪಸ್ ಬರುತ್ತಾ? ಬುಕಿಂಗ್ ದಿನದ ಬೆಲೆಗೂ ಈಗಿನ ಬೆಲೆಗೂ ಎಷ್ಟು ಅಂತರ? ದುಡ್ಡು ವಾಪಸ್ ಬರುತ್ತೆ, ಬೆಲೆ ದುಪ್ಪಟ್ಟಾಗಿದೆ ಅಂದ್ರೆ ಸರದಿಯ ಬಹುಪಾಲು ಕರಗುತ್ತೆ.

5. ಸಂಖ್ಯೆ ಬಂದ ಹಾಗೆ ತಿದ್ದಿಕೊಳ್ಳಿ. ರೀಕಾಲ್ ದಾಖಲೆ, ನೋಂದಣಿ, ತ್ರೈಮಾಸಿಕ ವರದಿ. ಜೊತೆಗೆ ಕೆಲವು ಸೂಚನೆ: ಬೆಲೆ ಇಳಿಕೆ, ಬುಕಿಂಗ್ ಇಲ್ಲದವರಿಗೂ ಡೆಲಿವರಿ, ಶಿಫ್ಟ್ ಕಡಿತ. ಇವು ಕಂಡರೆ ರೇಖೆಗಳು ಆಗಲೇ ದಾಟಿವೆ.

ಒಂದು ಪ್ರಯೋಗ ಮಾಡೋಣ. ಸ್ಲೇಟ್ ಅನ್ನುವ ಹೊಸ ಅಮೆರಿಕನ್ ಕಂಪನಿ 2025ರ ಏಪ್ರಿಲ್‌ನಲ್ಲಿ ಒಂದು ಚಿಕ್ಕ, ಸರಳ ಎಲೆಕ್ಟ್ರಿಕ್ ಪಿಕಪ್ ತೋರಿಸಿತು. ಬಣ್ಣವಿಲ್ಲ, ಕೈಯಲ್ಲಿ ತಿರುಗಿಸುವ ಕಿಟಕಿ, ಡ್ಯಾಶ್‌ಬೋರ್ಡಿನಲ್ಲಿ ಸ್ಕ್ರೀನ್ ಇಲ್ಲ. ಇಂಡಿಯಾನಾ ರಾಜ್ಯದ ವಾರ್ಸಾ ಊರಿನ ಹಳೇ ಮುದ್ರಣಾಲಯವೇ ಕಾರ್ಖಾನೆ. ಆಗ ಹೇಳಿದ ಡೆಲಿವರಿ 2026ರ ಕೊನೆ, ಪೂರ್ಣ ಸಾಮರ್ಥ್ಯ ವರ್ಷಕ್ಕೆ 1.5 ಲಕ್ಷ. 50 ಡಾಲರ್ ಬುಕಿಂಗ್, ಕೆಲವೇ ವಾರದಲ್ಲಿ 1 ಲಕ್ಷ ದಾಟಿತು. ಸರ್ಕಾರದ 7,500 ಡಾಲರ್ ತೆರಿಗೆ ರಿಯಾಯಿತಿ ಸೇರಿ 20,000ಕ್ಕಿಂತ ಕಡಿಮೆ ಅಂದಿದ್ದರು. ಆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಕೊನೆಯಾಯಿತು.

ನಮ್ಮ ವಿಧಾನ ಹಾಕಿದರೆ? ಕಂಪನಿ ಹೊಸದು, ಕಾರ್ಖಾನೆ ಹೊಸದು, ಹಾಗಾಗಿ ಘೋಷಿಸಿದ ತಾರೀಖಿಗೆ ಬರುವುದು ನೂರರ ಲೆಕ್ಕದ ಟ್ರಕ್‌ಗಳು, ಸಾವಿರದ ಲೆಕ್ಕದ್ದಲ್ಲ. ವಿನ್ಯಾಸ ಸರಳ, ಪೇಂಟ್ ಶಾಪ್ ಬೇಕಿಲ್ಲ, ಇದು ಅವರ ಪರ. ಮೊದಲ ಪೂರ್ಣ ವರ್ಷಕ್ಕೆ ನನ್ನ ಅಂದಾಜು 15,000ದಿಂದ 35,000. 1 ಲಕ್ಷ ಬುಕಿಂಗ್‌ನಲ್ಲಿ 100ಕ್ಕೆ 10 ಜನ ಕೊಂಡರೂ 10,000. ಅಂದ್ರೆ ಬುಕ್ ಮಾಡಿದವರ ಸರದಿ ಮೊದಲ ವರ್ಷದೊಳಗೇ ಮುಗಿಯಬಹುದು. ಆಮೇಲೆ ಪ್ರಶ್ನೆ ಕಾರ್ಖಾನೆಯದ್ದಲ್ಲ, ಬೆಲೆಯದ್ದು. ಇದು ಭವಿಷ್ಯವಾಣಿ ಅಲ್ಲ. ಹೊಸ ಸಂಖ್ಯೆ ಬಂದಾಗ ನೀವೇ ತಿದ್ದಿಕೊಳ್ಳಿ, ಐದನೇ ಹೆಜ್ಜೆ ಇರೋದೇ ಅದಕ್ಕೆ.

ನಾವು ಎಲ್ಲಿ ಬಳಸೋದು?

ನಮ್ಮ ದೇಶದಲ್ಲಿ ಕಾರು, ಸ್ಕೂಟರ್ ಬುಕ್ ಮಾಡುವಾಗಲೂ ಇದೇ ಲೆಕ್ಕ. ಇಲ್ಲಿ ರೀಕಾಲ್ ದಾಖಲೆಗಿಂತ ಸುಲಭದ ದಾರಿ ಇದೆ. ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಡ್ಯಾಶ್‌ಬೋರ್ಡ್‌ನಲ್ಲಿ ಕಂಪನಿವಾರು, ತಿಂಗಳುವಾರು ನೋಂದಣಿ ಸಂಖ್ಯೆ ಯಾರು ಬೇಕಾದರೂ ನೋಡಬಹುದು. ತೆಲಂಗಾಣದ ಅಂಕಿ ಬಹಳ ಕಾಲ ಅದರಲ್ಲಿ ಸೇರಿರಲಿಲ್ಲ ಅನ್ನೋದನ್ನ ಹೈದರಾಬಾದಿನವರು ಗಮನದಲ್ಲಿ ಇಟ್ಕೊಳ್ಳಿ. ಶೋರೂಮಿನವರು ಆರು ತಿಂಗಳು ಕಾಯಬೇಕು, ಇವತ್ತೇ ಬುಕ್ ಮಾಡಿ ಅಂದಾಗ, ಕಳೆದ ಮೂರು ತಿಂಗಳ ನೋಂದಣಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಇಳಿಯುತ್ತಿದ್ದರೆ, ಕಾಯುವವರು ನೀವಲ್ಲ, ಅವರು.

ವಾಹನ ಕಂಪನಿಗಳ ಪ್ರಾಜೆಕ್ಟ್‌ನಲ್ಲಿ ಇರುವವರಿಗೆ ಇನ್ನೊಂದು ಮಾತು. ಆಫೀಸಿನ ಸಭೆಯಲ್ಲಿ ತೋರಿಸುವ ಬುಕಿಂಗ್ ಸ್ಲೈಡ್ ನೋಡಿ ಮನೆ ಸಾಲದ ತೀರ್ಮಾನ ಮಾಡಬೇಡಿ. ಆ ಮಾಡೆಲ್‌ನ ವಾರದ ದರ ಎಷ್ಟು, ಕಳೆದ ತ್ರೈಮಾಸಿಕಕ್ಕಿಂತ ಏರಿದೆಯಾ, ಬೆಲೆ ಇಳಿಸಿದ್ದಾರಾ, ಈ ಮೂರು ನೋಡಿ. ಲೈಟ್ನಿಂಗ್ ಕಾರ್ಖಾನೆ ಒಂದು ಶಿಫ್ಟ್‌ಗೆ ಇಳಿದದ್ದಕ್ಕೂ, ನಿಲ್ಲಿಸುವ ಘೋಷಣೆಗೂ ನಡುವೆ ಒಂದೂವರೆ ವರ್ಷಕ್ಕಿಂತ ಹೆಚ್ಚು ಸಮಯ ಇತ್ತು. ಹೊಸ ಕೌಶಲ ಕಲಿಯೋಕೆ, ಬೇರೆ ಪ್ರಾಜೆಕ್ಟ್ ಕೇಳೋಕೆ, ಸಾಲವನ್ನ ಸ್ವಲ್ಪ ಮುಂದೂಡೋಕೆ ಅಷ್ಟು ಸಮಯ ಸಾಕು. ಸೂಚನೆ ಎಲ್ಲರಿಗೂ ಕಾಣುವ ಜಾಗದಲ್ಲೇ ಇತ್ತು.

ಮುಂದಿನ ವಿಡಿಯೋದಲ್ಲಿ ವಾಹನ್ ಡ್ಯಾಶ್‌ಬೋರ್ಡ್ ತೆರೆದು, ಒಂದು ಮಾಡೆಲ್‌ನ ಲೆಕ್ಕವನ್ನ ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ಮಾಡೋಣ. ಯಾವ ಮಾಡೆಲ್ ಬೇಕು ಅಂತ ನೀವೇ ಹೇಳಿ. ಅಲ್ಲಿಯವರೆಗೆ ಬುಕಿಂಗ್ ಸಂಖ್ಯೆ ಕೇಳಿದಾಗಲೆಲ್ಲ, ವಾರಕ್ಕೆ ಎಷ್ಟು ಅಂತ ತಿರುಗಿ ಕೇಳಿ.